ಉಪವಾಸದ ಪಟ್ಟಿ

ಗಾಜಿನ ಬರಣಿಗೆ ಮಣ್ಣು ತುಂಬುವುದು ಐದು ನಿಮಿಷದ ಕೆಲಸ ಎಂದು ಧಮ್ಮಪಾಲ ತಿಳಿದಿದ್ದ. ಬೆಳಿಗ್ಗೆ ಎಂಟಕ್ಕೆ ಖುರ್ಪಿ ಹಿಡಿದು ಹೊಲಕ್ಕೆ ಇಳಿದ. ಎಂಟೂ ಹತ್ತಕ್ಕೆ ಅದೇ ಹೊಲದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕಳೆದುಕೊಂಡವನಂತೆ ಕೂತಿದ್ದ.

ಖುರ್ಪಿಯ ತುದಿಯಲ್ಲಿ ಎರೆಹುಳುಗಳಿದ್ದವು. ಒಂದೆರಡಲ್ಲ, ಮದುವೆಮನೆಯ ಶಾವಿಗೆಯಂತೆ ಗಂಟುಗಂಟಾಗಿ. ದಪ್ಪ, ನುಣುಪು, ಯಾವ ಚಿಂತೆಯೂ ಇಲ್ಲದ ಹುಳುಗಳು. ಬೇರೆ ಹೊಲದಲ್ಲಾಗಿದ್ದರೆ ಸಂತೋಷದ ಸಂಗತಿ. ಈ ಹೊಲದಲ್ಲಿ ಮಾತ್ರ ಅದು ಉಪವಾಸ ಕೂತ ಸ್ವಾಮಿಯ ಜೋಳಿಗೆಯಲ್ಲಿ ಜಿಲೇಬಿ ಸಿಕ್ಕಂತೆ.

ಭಾತಂಬ್ರಾ ದಾಟಿ ಎರಡು ತಿರುವು ಹೋದರೆ ಕಾಳಮಟ್ಟಿ. ಅಲ್ಲಿನ ಕೃಷಿ ಶಾಲೆ ಮತ್ತು ಸಂಶೋಧನಾ ಕೇಂದ್ರಕ್ಕೆ ಈ ಜೂನಿಗೆ ಎಪ್ಪತ್ತೈದು ವರ್ಷ. ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ ಬಂದ ಮೊದಲ ಅಧಿಕಾರಿ ಹಗ್ಗ ಹಿಡಿಸಿ, ಅಕ್ಕಪಕ್ಕದಲ್ಲಿ ಅರ್ಧರ್ಧ ಎಕರೆಯ ಎರಡು ಪಟ್ಟಿ ಅಳೆಸಿದ್ದ. ಒಂದಕ್ಕೆ ಪ್ರತಿ ಬೇಸಿಗೆ ಹತ್ತು ಗಾಡಿ ಸಗಣಿಗೊಬ್ಬರ. ಇನ್ನೊಂದಕ್ಕೆ ಏನೂ ಇಲ್ಲ, ಒಂದು ಹಿಡಿ ಬೂದಿಯೂ ಇಲ್ಲ, ಎಂದೆಂದಿಗೂ ಇಲ್ಲ. ಎರಡಕ್ಕೂ ಒಂದೇ ಜೋಳ ಬಿತ್ತಿ, ಸುಗ್ಗಿಯಲ್ಲಿ ಬೇರೆ ಬೇರೆ ತೂಗಿ ಬರೆಯಬೇಕು. ಕೂಲಿಯವರು ಮೊದಲನೆಯದಕ್ಕೆ ಉಂಡ ಪಟ್ಟಿ ಎಂದರು, ಎರಡನೆಯದಕ್ಕೆ ಉಪವಾಸದ ಪಟ್ಟಿ ಎಂದರು. ಆಮೇಲೆ ಶಾಲೆಯಲ್ಲಿ ಎಲ್ಲವೂ ಬದಲಾಯಿತು. ರಜಿಸ್ಟರು ಉರ್ದುವಿನಿಂದ ಕನ್ನಡಕ್ಕೆ ಬಂತು. ನಡುವಿನ ಒಂದು ಸಂಪುಟದಲ್ಲಿ ಬರೆದವನಿಗೆ ಬರುತ್ತಿದ್ದ ಎಲ್ಲ ಭಾಷೆಗಳೂ ಇವೆ. ಹಾಸ್ಟೆಲ್ಲಿನ ತಗಡು ಎರಡು ಸಲ ಹಾರಿಹೋಯಿತು. ಪಟ್ಟಿಗಳು ಮಾತ್ರ ಅಲ್ಲೇ ಇದ್ದವು.

ಮಧ್ಯಾಹ್ನ ಮೂರಕ್ಕೆ ಬೀದರಿನಿಂದ ಡಾಕ್ಟರ್ ಮಂಜಿರಿ ಬರುವವರಿದ್ದರು. ಮಣ್ಣಿನ ವಿಜ್ಞಾನಿ. ಪ್ರಯೋಗ ಖರೆಯೆಂದು ಅವರು ಬರೆದುಕೊಟ್ಟರೆ ಅಮೃತ ಮಹೋತ್ಸವ. ಧಮ್ಮಪಾಲ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲಿರುವ ಕ್ಷೇತ್ರ ಸಹಾಯಕ. ಪ್ರಿನ್ಸಿಪಾಲ್ ಶಿವರಾಜ ನಿನ್ನೆಯೇ ಹೇಳಿದ್ದರು: "ಎಪ್ಪತ್ತೈದು ವರ್ಷ ಉಪಾಸ ಇದ್ದ ಮಣ್ಣು ಬರಣ್ಯಾಗ ತುಂಬಿ ಮೇಜಿನ ಮ್ಯಾಲ ಇಡು. ಬರಣಿ ಬಾಜೂಕ ನಿನ್ನ ಕಾಯಂ ಆಗೂ ಫೈಲು ಇಡ್ತೇನಿ. ಡಾಕ್ಟರ್ ಬಾಯಿ ಖುಷಿ ಆದ್ರ ಅಲ್ಲೇ ಸಹಿ."

ಈಗ ಬರಣಿ ಖಾಲಿ. ಹುಳುಗಳು ಹೊಟ್ಟೆ ತುಂಬಿಕೊಂಡಿದ್ದವು.

ಬುಟ್ಟಿ ಹೊತ್ತು ಬರುತ್ತಿದ್ದ ಕೌಸಲ್ಯಾಬಾಯಿಯನ್ನು ಅವನು ಕೂಗಿದ. ಶಾಲೆಯ ಕೂಲಿ ಹೆಂಗಸರಲ್ಲಿ ಅವಳೇ ಹಿರಿಯಳು.

"ಇಲ್ಲಿ ಇಷ್ಟು ಹುಳಾ ಹ್ಯಾಂಗ ಬಂದಾವ?"

"ಗೊಬ್ಬರ ಇದ್ದಲ್ಲಿ ಹುಳಾ ಇರ್ತಾವರಿ."

"ಇಲ್ಲಿ ಗೊಬ್ಬರ ಎಲ್ಲಿ ಅದ?"

"ನಾವು ಹಾಕೇವಲ್ಲರಿ."

"ಯಾವಾಗ?"

"ವರ್ಷಾ ಹಾಕ್ತೇವಿ. ನಾ ಲಗ್ನಾಗಿ ಬಂದಾಗಿಂದ ನಾ. ಅದಕ್ಕೂ ಮದಲ ನಮ್ಮ ಅತ್ತಿ. ಈ ಸಾಲ್ಯಾಗ ಮದಲನೇ ಬುಟ್ಟಿ ಹೊತ್ತಾಕಿ ಆಕಿನೇ." ಅವಳು ಬುಟ್ಟಿ ಇಳಿಸಿ, ಎದುರಿಗೆ ಕೂತಳು. "ಎಳ್ಳಮಾಸಿಗಿ ಊರಾಗಿನ ಎಲ್ಲಾ ಹೊಲಕ್ಕೂ ಚರಗಾ ಚೆಲ್ತೇವಿಲ್ಲರಿ, ಭೂಮಿತಾಯಿ ಉಣ್ಣಲಿ ಅಂತ? ಇದೊಂದರಾಗ ಮಾತ್ರ ಏನೂ ಚೆಲ್ಲಬ್ಯಾಡ್ರಿ ಅಂದ್ರಂತ ಆಗಿನ ಸಾಹೇಬರು. ಪಂಕ್ತಿಯೊಳಗ ಒಬ್ಬಾಂವ್ನ ಬಿಟ್ಟು ಬಡಸೂದು ಅಂದ್ರ ಏನ್ರಿ ಅದು. ನಮ್ಮ ಅತ್ತಿಗಿ ತಡಕೊಳ್ಳಾಕ ಆಗಲಿಲ್ಲ."

"ಮತ್ತ ಉಂಡ ಪಟ್ಟಿಗಿ ಕೊಟ್ಟ ಹತ್ತು ಗಾಡಿ?"

"ಅದೇರಿ ಇಲ್ಲಿ ಬಿದ್ದದ್ದು. ಬ್ಯಾರೆ ಎಲ್ಲಿಂದ ತರೂಣು? ಉಂಡ ಪಟ್ಟಿ ಕಾಳಜಿ ಮಾಡಾಕ ನೀವು ಸಾಹೇಬರು ಅದೀರಲ್ಲ."

ಧಮ್ಮಪಾಲನ ಕಿವಿಯಲ್ಲಿ ಟ್ರ್ಯಾಕ್ಟರಿನ ರೋಟರ್ ತಿರುಗಿದಂತಾಯಿತು. "ಹನ್ನೊಂದು ವರ್ಷ ನಾ ಇಲ್ಲೇ ನಿಂತೇನಿ, ಕೌಸಲ್ಯಾಬಾಯಿ."

"ನಿಂತಿಲ್ಲರಿ, ಕೂತೀರಿ. ಬೇವಿನ ಗಿಡದ ಬುಡಕ, ಆ ಕಡಿ ಮಾರಿ ಮಾಡಿ, ಮೂಗಿಗಿ ದಸ್ತಿ ಕಟ್ಕೊಂಡು."

ಅದು ಸುಳ್ಳಲ್ಲ. ಸಗಣಿಯ ವಾಸನೆಗೆ ಅವನಿಗೆ ಸೀನು ಹತ್ತುತ್ತಿತ್ತು. ವರ್ಷಕ್ಕೊಮ್ಮೆ ಬೆನ್ನು ತಿರುಗಿಸಿ ಕೂತು, ಸಂಜೆಗೆ ರಜಿಸ್ಟರಿನಲ್ಲಿ 'ಉಂಡ ಪಟ್ಟಿಗೆ ಗೊಬ್ಬರ ಹಾಕಿಸಲಾಗಿದೆ' ಎಂದು ಬರೆದು ಸಹಿ ಮಾಡುತ್ತಿದ್ದ. ಅವನಿಗಿಂತ ಮೊದಲಿನವರು ಯಾವ ಕಡೆ ಮುಖ ಮಾಡಿ ಕೂತಿದ್ದರೋ ಯಾರಿಗೂ ಗೊತ್ತಿಲ್ಲ.

ಅವನು ದಾಖಲೆ ಕೋಣೆಗೆ ಓಡಿದ. ಹಿರಿಯ ಗುಮಾಸ್ತ ರಾಜರತ್ನ ಮೂವತ್ತೆರಡು ವರ್ಷದಿಂದ ಅಲ್ಲಿ ಕೂತಿದ್ದರು. ಮುಂದಿನ ತಿಂಗಳು ನಿವೃತ್ತಿ. ಕೇಳುತ್ತ ಕೇಳುತ್ತ ಅವರ ಮುಖ ಹಳೆಯ ಕಾರ್ಬನ್ ಕಾಗದದ ಬಣ್ಣಕ್ಕೆ ತಿರುಗಿತು. ಅದು ತನ್ನ ಮೇಲಿನ ಕರುಣೆ ಎಂದು ಧಮ್ಮಪಾಲ ಅಂದುಕೊಂಡ.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದರು ರಾಜರತ್ನ. "ಆ ಹುಳಾ ತಗಿಲಿಕ್ಕ ಆಗಂಗಿಲ್ಲ. ಉಂಡ ಪಟ್ಟಿಗಾದ್ರೂ ಇವತ್ತು ಗೊಬ್ಬರ ಹಾಕು. ಡಾಕ್ಟರ್ ಬಾಯಿ ಎರಡೂ ಕಡಿ ಕೆದರಿ ನೋಡ್ತಾರ. ಉಂಡದ್ರಾಗ ಏನೂ ಸಿಗಲಿಲ್ಲ ಅಂದ್ರ ನಿನ್ನ ಹನ್ನೊಂದು ಸಹಿ ನಿನ್ನ ಕಾಯಂ ಮಾಡ್ತಾವ, ಮನ್ಯಾಗ."

ತಿಪ್ಪೆ ಖಾಲಿಯಾಗಿತ್ತು. ಹೋದ ವಾರವಷ್ಟೇ ಹೆಂಗಸರು ಅದನ್ನು ಉಪವಾಸದ ಪಟ್ಟಿಗೆ ಉಣಿಸಿ ಮಣ್ಣಿನಲ್ಲಿ ಬೆರೆಸಿದ್ದರು. ಟ್ರ್ಯಾಕ್ಟರ್ ಡ್ರೈವರ್ ಫಕ್ರೋದ್ದೀನ ಊರಲ್ಲಿ ಒಂದು ಸುತ್ತು ಹಾಕಿದ. ಗುಟ್ಟಾಗಿಡು ಎಂದು ಹೇಳಿದ್ದರಿಂದ ಎಲ್ಲರಿಗೂ ಮೆಲ್ಲಗೆ ಹೇಳಿದ. ಅರ್ಧ ಗಂಟೆಯಲ್ಲಿ ಕಾಳಮಟ್ಟಿಯ ಎಮ್ಮೆ ಇದ್ದ ಮನೆಯವರೆಲ್ಲ ಬುಟ್ಟಿ ಹೊತ್ತು ಗೇಟಿನಲ್ಲಿ ನಿಂತಿದ್ದರು. ಒಬ್ಬಾಕೆ ತನ್ನ ಎಮ್ಮೆಯನ್ನೇ ತಂದಿದ್ದಳು.

"ಉಂಡ ಪಟ್ಟಿಗಿ? ಖರೇನ?" ಫಕ್ರೋದ್ದೀನ ಎಂಜಿನ್ ಬಂದ್ ಮಾಡಿ ಕೇಳಿದ. "ನಮ್ಮ ಅಬ್ಬಾ ಈ ಸಾಲ್ಯಾಗ ಎತ್ತಿನ ಗಾಡಿ ಹೊಡೀತಿದ್ರು. ಅವರೂ ಯಾವಾಗೂ ಆ ಕಡಿ ಖಾಲಿ ಮಾಡಿಲ್ಲ."

"ಹೊಡಿ ಮಾರಾಯ, ಮೂರಕ್ಕ ಬರ್ತಾರ."

ಐದು ಟ್ರಾಲಿ ಬಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಧಮ್ಮಪಾಲ ಹೊಲದ ಕಡೆ ಮುಖ ಮಾಡಿ ನಿಂತ. ನಿಂತದ್ದಷ್ಟೇ ಅಲ್ಲ, ಬುಟ್ಟಿ ಹೊತ್ತ. ಒಂದೊಂದು ಬುಟ್ಟಿಗೂ ನಾಲ್ಕು ಸೀನು. ಕಣ್ಣು ಟೊಮ್ಯಾಟೊ ಆದವು. ಹೆಂಗಸರು ಮಾತ್ರ ಸಿಟ್ಟಾಗಿದ್ದರು. "ಇದಕ್ಕೇನು ಕಡಿಮಿ ಆಗೇದಂತ," ಎಂದು ಕೌಸಲ್ಯಾಬಾಯಿ ಗೊಣಗಿದಳು. ಫಕ್ರೋದ್ದೀನ ಎರಡು ಸಲ ರೋಟರ್ ಹೊಡೆದು, ಗೊಬ್ಬರ ಮತ್ತು ಮಣ್ಣನ್ನು ದೇವರೂ ಬೇರೆ ಮಾಡದ ಹಾಗೆ ಕಲಸಿದ. ಬರಣಿಗೆ ಧಮ್ಮಪಾಲ ವಾಲಿಬಾಲ್ ಮೈದಾನದ ಮಣ್ಣು ತುಂಬಿದ. ಅಷ್ಟರಲ್ಲಿ ಎರಡೂ ಮುಕ್ಕಾಲು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಒಂದು ತುತ್ತು ಬಿದ್ದಿರಲಿಲ್ಲ.

ಡಾಕ್ಟರ್ ಮಂಜಿರಿ ಸರಿಯಾಗಿ ಮೂರಕ್ಕೆ ಬಂದರು. ಬೇವಿನ ಬುಡದಲ್ಲಿ ಮೇಜಿನ ಮೇಲಿಟ್ಟಿದ್ದ ಬರಣಿಯನ್ನು ನೋಡಲೂ ಇಲ್ಲ. ಚೀಲದಿಂದ ತಮ್ಮದೇ ಖುರ್ಪಿ ತೆಗೆದು ನೇರ ಉಪವಾಸದ ಪಟ್ಟಿಗೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಒಂದೇ ಏಟು. ಶಾವಿಗೆ ಮೇಲೆ ಬಂತು.

ಶಿವರಾಜರ ಕೈಯಲ್ಲಿದ್ದ ಹೂಮಾಲೆ ತಾನಾಗಿ ಕೆಳಗೆ ಜಾರಿತು.

"ಇವು ಹೊಸಾವು ಇರಬೇಕರಿ," ಎಂದರು ಅವರು.

"ಹೊಸಾವು?" ಮಂಜಿರಿ ಇನ್ನಷ್ಟು ಕೆದರಿದರು. "ಇವರ ಅಜ್ಜ ಮುತ್ತಜ್ಜ ಎಲ್ಲಾ ಕೆಳಗ ಅದಾರ, ಸರ್. ಇಲ್ಲಿ ಗೊಬ್ಬರ ಯಾರು ಹಾಕ್ಯಾರ?"

ಕೌಸಲ್ಯಾಬಾಯಿ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ಬೆಳಿಗ್ಗೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದಳು. ಅತ್ತೆ, ಪಂಕ್ತಿ, ಹತ್ತು ಗಾಡಿ, ಧಮ್ಮಪಾಲನ ತಿರುಗಿದ ಬೆನ್ನು. ತಪ್ಪೊಪ್ಪಿಕೊಳ್ಳುವ ದನಿಯಲ್ಲ, ವರದಿ ಒಪ್ಪಿಸುವ ದನಿ. ಶಿವರಾಜರು ಬೇವಿನ ಮರವನ್ನು ಹಿಡಿದುಕೊಂಡರು. ಎಪ್ಪತ್ತೈದು ವರ್ಷದ ಶಾಲೆಯ ಚರಿತ್ರೆಯನ್ನು ಅವರೇ ಬರೆದು, ಭಾಲ್ಕಿಯ ಪ್ರೆಸ್ಸಿಗೆ ಕೊಟ್ಟು ಬಂದಿದ್ದರು.

ಆಗ ರಾಜರತ್ನ ನೆಲದ ಮೇಲೆ ಕೂತೇ ಬಿಟ್ಟರು.

"ನಂದೂ ಒಂದು ತಪ್ಪು ಅದರಿ, ಸರ್. ಪ್ರತಿ ಸುಗ್ಗಿಗೂ ತೂಕದ ಚೀಟಿ ಬರ್ತಾವ. ಉಪವಾಸದ ಪಟ್ಟಿದು ಆರು ಚೀಲ, ಉಂಡ ಪಟ್ಟಿದು ಎರಡು ಚೀಲ. ಹಂಗ ಆಗಾಕ ಸಾಧ್ಯನೇ ಇಲ್ಲಲ್ಲರಿ. ಹೆಣ್ಮಕ್ಕಳು ಚೀಟಿ ಅದಲಾಬದಲಿ ಮಾಡ್ಯಾರ ಅಂತ ಮದಲನೇ ಗುಮಾಸ್ತರು ತಿರುಗಿಸಿ ಬರದ್ರಂತ. ಚಾರ್ಜ್ ಕೊಡೂಮುಂದ ಒಬ್ಬರಿಗೊಬ್ಬರು ಹೇಳ್ಕೋತ ಬಂದೇವಿ. ಮೂವತ್ತೆರಡು ವರ್ಷ ನಾನೂ ತಿರುಗಿಸೇನಿ."

ಶಿವರಾಜರು ಮರವನ್ನು ಬಿಟ್ಟು ರಾಜರತ್ನರ ಪಕ್ಕದಲ್ಲೇ ಕೂತರು. ಮಂಜಿರಿ ಮಾತ್ರ ಎದ್ದು ನಿಂತಿದ್ದರು. ಕಡ್ಡಿಯಿಂದ ಮಣ್ಣಿನ ಮೇಲೆ ಎರಡು ಚೌಕ ಎಳೆದರು, ಒಂದು ಅಡ್ಡಗೆರೆ ಹಾಕಿದರು, ಇನ್ನೊಂದು ಹಾಕಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ಗಾಬರಿಯಾದರು. ಅವರು ನಗುತ್ತಿದ್ದರು.

"ಗೊಬ್ಬರ ಬಿದ್ದ ಜಾಗಾ ತಪ್ಪು. ತೂಕ ಬರದ ಜಾಗಾ ತಪ್ಪು. ಎರಡೂ ಕೂಡಿ ರಜಿಸ್ಟರು ಪೂರಾ ಖರೇ ಅದ. ಗೊಬ್ಬರ ಉಂಡ ಮಣ್ಣಿಗಿ ಆರು ಚೀಲ, ಉಣಲಾರದ ಮಣ್ಣಿಗಿ ಎರಡು. ಒಂದು ಅಂಕಿ ಸೈತ ಸುಳ್ಳಲ್ಲ. ಇಷ್ಟು ಶುದ್ಧ ಪ್ರಯೋಗ ನಾ ಎಲ್ಲೂ ನೋಡಿಲ್ಲರಿ. ಮಾಡಿದವರಿಗೇ ಗೊತ್ತಿಲ್ಲ. ಹೊಲದಾಗಿನ ಬೋರ್ಡು ಎರಡು ಬದಲಿ ಮಾಡ್ರಿ, ಮುಗೀತು."

ಶಿವರಾಜರು ಸ್ಪ್ರಿಂಗಿನಂತೆ ಎದ್ದರು. ಧಮ್ಮಪಾಲನನ್ನು ಎಳೆದು ತಬ್ಬಿಕೊಂಡರು. "ನೋಡ್ರಿ ಬಾಯಿ, ಇಂವ. ಹನ್ನೊಂದು ವರ್ಷ ಉಂಡ ಪಟ್ಟಿ ಮ್ಯಾಲ ಒಂದು ಹಿಡಿ ಬೀಳದಂಗ ಕಾಯ್ದಾನ. ಬೆನ್ನು ತಿರುಗಿಸಿ ಕಾಯ್ದಾನ." ಫೈಲು ಬಂತು. ಅವರು ಪೆನ್ನಿನ ಮುಚ್ಚಳ ತೆಗೆದರು.

ಎಲ್ಲರೂ ನಗುತ್ತಿದ್ದರು, ಧಮ್ಮಪಾಲನೊಬ್ಬನನ್ನು ಬಿಟ್ಟು. ಅವನು ಉಂಡ ಪಟ್ಟಿಯ ಕಡೆ ನೋಡುತ್ತಿದ್ದ.

"ಎಪ್ಪತ್ತೈದು ವರ್ಷ ಏನೂ ಕಾಣದ ಮಣ್ಣು," ಎನ್ನುತ್ತ ಮಂಜಿರಿ ಬರಣಿಯ ಮಣ್ಣನ್ನು ಸುರಿದು, ಉಂಡ ಪಟ್ಟಿಯ ಕಡೆ ಹೊರಟರು. "ಬಂಗಾರಕ್ಕಿಂತ ಹೆಚ್ಚಿಂದು. ನಾನೇ ತುಂಬ್ತೇನಿ."

"ಸಾವಕಾಶರಿ, ಬಾಯಿ," ಫಕ್ರೋದ್ದೀನ ಅಭಿಮಾನದಿಂದ ಎಚ್ಚರಿಸಿದ. "ಹಸೀ ಅದ. ಇವತ್ತೇ ಐದು ಟ್ರಾಲಿ ಗೊಬ್ಬರ ಹಾಕೇವಿ. ಎರಡು ಸಲ ರೋಟರ್. ಅಂಗೈ ಅಗಲ ಸೈತ ಬಿಟ್ಟಿಲ್ಲ."

ಮಂಜಿರಿಯವರ ಬೂಟು ಹಿಮ್ಮಡಿವರೆಗೂ ಹೂತುಹೋಯಿತು. ವಾಸನೆ ಎಲ್ಲರಿಗೂ ಒಟ್ಟಿಗೇ ತಲುಪಿತು. ಧಮ್ಮಪಾಲ ಸೀನಿದ.

"ಯಾರು ಹೇಳಿದ್ರು ಹಾಕಾಕ?" ಶಿವರಾಜರ ದನಿ ಬಹಳ ಸಣ್ಣಗಿತ್ತು.

"ನನ್ನ ಡ್ಯೂಟಿ ಅದು, ಸರ್," ಎಂದ ಧಮ್ಮಪಾಲ. "ಇವತ್ತು ಮಾಡೇನಿ."

ಪೆನ್ನಿನ ಮುಚ್ಚಳ ಕೂತ ಸದ್ದು ಬೇವಿನ ಮರದಾಚೆಗೂ ಕೇಳಿಸಿತು.

ಐದು ಗಂಟೆಗೆ ಮಂಜಿರಿ ಹೊರಟುಹೋದರು. ಹೋಗುವ ಮುನ್ನ ಪಕ್ಕದ ಹೊಲದಲ್ಲಿ ಹಗ್ಗ ಹಿಡಿಸಿ, ಹೊಸ ಪಟ್ಟಿಯೊಂದನ್ನು ಅಳೆಸಿದರು. ಇವತ್ತಿನಿಂದ ಇದಕ್ಕೆ ಏನೂ ಇಲ್ಲ, ಮೊದಲನೇ ವರ್ಷ. ಕಾಯಲು ಧಮ್ಮಪಾಲ, ಗುತ್ತಿಗೆಯ ಮೇಲೆ. ಅವನ ಫೈಲಿನ ಮೇಲೆ ಶಿವರಾಜರು 'ಪ್ರಯೋಗ ಪೂರ್ಣಗೊಂಡ ನಂತರ ಪರಿಶೀಲಿಸುವುದು' ಎಂದು ಬರೆದರು.

ಅವನು ಹೊಸ ಪಟ್ಟಿಯ ಬದುವಿನ ಮೇಲೆ ಕೂತ, ಈ ಸಲ ಹೊಲದ ಕಡೆಗೇ ಮುಖ ಮಾಡಿ. ಮನೆಗೆ ಹೊರಟಿದ್ದ ಕೌಸಲ್ಯಾಬಾಯಿ ಅವನನ್ನು ನೋಡಿ ನಿಂತಳು. ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟು ಅವನ ಕೈಗೆ ಕೊಟ್ಟಳು.

"ಮುಂಜಾನಿಂದ ಉಪಾಸ ಅದೀರಿ. ನಾ ನೋಡೇನಿ. ಉಣ್ರಿ."

ಅವನು ದೊಡ್ಡದೊಂದು ತುತ್ತು ಬಾಯಿಗಿಟ್ಟ. ಅವಳು ಅವನ ತಲೆಯ ಮೇಲಿಂದ, ಹಗ್ಗದೊಳಗಿನ ಬರಿಯ ನೆಲವನ್ನು ನೋಡುತ್ತಿದ್ದಳು.

"ಇದಕ್ಕ ಇನ್ನ ಏನೂ ಹಾಕಂಗಿಲ್ಲೇನ್ರಿ?"

"ಏನೂ ಇಲ್ಲ."

"ಎಷ್ಟು ವರ್ಷ?"

"ಎಪ್ಪತ್ತೈದು."

ಕೌಸಲ್ಯಾಬಾಯಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಪಾಪ," ಎಂದಳು.

ಧಮ್ಮಪಾಲನ ಬಾಯಲ್ಲಿ ತುತ್ತು ಅಲ್ಲೇ ನಿಂತಿತು.