ಬೀಗರ ಮೊಣಕಾಲಿಗೆ ಏಳು ಬಟ್ಟಲು

ಮಗಳ ಸಂಬಂಧ ಮಾತಾಡಲು ಬೀಗರಾಗುವವರು ಬರುವ ದಿನ ಬೆಳಗ್ಗೆಯೇ ಪಾಂಗ್ ದೆಯಾನ್ ಘೋಷಿಸಿಬಿಟ್ಟ. "ನನ್ನ ಔಷಧಿ ಮದ್ಯದ ರುಚಿ ಕಂಡ ಮೇಲೂ ಅವರು ಬೇರೆ ಮನೆ ಹುಡುಗಿ ನೋಡಿದ್ರೆ ನನ್ನ ಹೆಸರು ಬದಲಾಯಿಸು!"

ಚೀನಾದ ಲುಝೌ ಊರಿನಲ್ಲಿ ಮನೆಗೊಂದು ಇಂಥ ಮದ್ಯದ ಜಾಡಿ ಇದ್ದೇ ಇರುತ್ತದೆ. ಪಾಂಗನದು ಜಾಡಿಗಳ ಚಕ್ರವರ್ತಿ! ಖಡಕ್ ಜೋಳದ ಮದ್ಯದಲ್ಲಿ ಬೇರು, ತೊಗಟೆ, ಕೆಂಪು ಗೋಜಿ ಹಣ್ಣು ನಲವತ್ತು ದಿನ ನೆನೆದಿದ್ದವು. ಎಲ್ಲವೂ ಅವನ ಮೊಣಕಾಲು ನೋವಿಗಾಗಿ. ಕೆಳಗಿನ ಅಂಗಡಿಯ ಗಿಡಮೂಲಿಕೆ ವೈದ್ಯೆ ಯಾನ್ ಜಾಡಿಗೆ ಚೀಟಿಯನ್ನೂ ಅಂಟಿಸಿದ್ದಳು: ಊಟದ ಜೊತೆ ದಿನಕ್ಕೊಂದೇ ಪುಟ್ಟ ಬಟ್ಟಲು. ಬಿ.ಪಿ. ಮಾತ್ರೆ ನುಂಗುವವರಿಗೆ ಹನಿಯೂ ಕೂಡದು.

"ಆ ಚೀಟಿ ಒಂಚೂರು ಓದಿ ಅಂದ್ರೆ," ಎಂದಳು ಹೆಂಡತಿ ರುಯಿಫೆಂಗ್.

"ಬಂದವರಿಗೆ ಅಳೆದು ಕೊಡೋಕೆ ಇದೇನು ಆಸ್ಪತ್ರೆನಾ?"

"ಈ ಸಂಬಂಧ ಕೆಡಿಸಿದ್ರೆ ಮಗಳು ಮಿನ್ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ, ನೆನಪಿರ್ಲಿ!"

ಮಧ್ಯಾಹ್ನ ಲುವೊ ದಂಪತಿ ಮಗನೊಂದಿಗೆ ಬಂದರು. ಮೀನು ಬಡಿಸುವ ಮೊದಲೇ ಬಟ್ಟಲು ತುಂಬಿದವು. ಎದುರಿನವರೇ ದೊಡ್ಡವರೆಂದು ತೋರಿಸುವ ಅಲ್ಲಿನ ಮರ್ಯಾದೆಯಂತೆ ಪಾಂಗ್ ತನ್ನ ಬಟ್ಟಲಿನ ಅಂಚನ್ನು ಲುವೊನ ಅಂಚಿಗಿಂತ ಒಂದಿಂಚು ಕೆಳಗೆ ಹಿಡಿದು ತಾಗಿಸಿದ. ಲುವೊ ಬಿಟ್ಟಾನೆಯೇ? ಮುಂದಿನ ಸುತ್ತಿಗೆ ಅವನು ಎರಡಿಂಚು ಇಳಿಸಿದ.

"ಛೆ ಛೆ ಬೀಗರೇ, ನೀವು ದೊಡ್ಡವರು!"

"ಹೆಣ್ಣಿನ ಕಡೆಯವರು ನೀವು, ನೀವೇ ದೊಡ್ಡವರು!"

ನಾಲ್ಕನೇ ಬಟ್ಟಲಿಗೆ ವಿನಯ ಮೇಜಿನ ಅಂಚು ದಾಟಿತು. ಆರನೆಯದಕ್ಕೆ ಇಬ್ಬರೂ ಕುಕ್ಕರಗಾಲಲ್ಲಿದ್ದರು. ಏಳನೆಯದನ್ನು ಮೇಜಿನ ಕೆಳಗೆ, ನೆಲಕ್ಕೆ ಬಟ್ಟಲು ತಾಗಿಸಿ ಬರಿದು ಮಾಡಿದರು. ಅಲ್ಲಿಗೆ ಮರ್ಯಾದೆಗೆ ಇಳಿಯಲು ಜಾಗವೇ ಉಳಿಯಲಿಲ್ಲ.

"ಬೀಗರೇ, ಮೊದಲು ನೀವು ಏಳಿ," ಎಂದ ಪಾಂಗ್.

"ಇಲ್ಲ, ನೀವೇಳಿ."

"ನಿಜ ಹೇಳ್ಲಾ? ನನ್ನ ಮೊಣಕಾಲು ಏಳ್ತಿಲ್ಲ."

"ನಂದೂ ಅಷ್ಟೇ," ಲುವೊ ದನಿ ತಗ್ಗಿಸಿದ. "ಇನ್ನೊಂದು ನಿಜ... ನಾನು ಬಿ.ಪಿ. ಮಾತ್ರೆ ತಗೊಳ್ತೀನಿ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಕುಡಿದೆ. ತಲೆ ಗಿರ್ ಅಂತಿದೆ."

ಪಾಂಗನಿಗೆ ಏರಿದ್ದದ್ದೆಲ್ಲ ಒಂದೇ ಏಟಿಗೆ ಇಳಿಯಿತು. "ಯಾನ್ ಅವರನ್ನ ಕರೀರೋ!"

ಯಾನ್ ಓಡಿ ಬಂದಳು. ನಾಡಿ ಹಿಡಿದಳು, ಬಿ.ಪಿ. ಅಳೆದಳು. "ಎಷ್ಟು ಬಟ್ಟಲು?"

"ಒಂದು," ಎಂದ ಪಾಂಗ್.

"ನಂದೂ ಒಂದೇ," ಎಂದ ಲುವೊ ನಿಷ್ಠೆಯಿಂದ.

"ಏಳು!" ಎಂದರು ಹೆಂಡತಿಯರಿಬ್ಬರೂ ಒಟ್ಟಿಗೆ.

"ಸದ್ಯ, ಬಚಾವಾದಿರಿ. ಆದ್ರೂ ಸುಮ್ಮನೆ ಬಿಡೋ ಹಾಗಿಲ್ಲ, ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಬಿಡಿ. ಇದು ಔಷಧಿ ಕಣ್ರೀ, ಹಬ್ಬದ ಪಾಯಸ ಅಲ್ಲ!" ಎಂದು ಗದರಿದಳು ಯಾನ್.

ಮಿನ್ ಬಾಗಿಲ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಕಂಡು ಪಾಂಗನಿಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ಮೇಜಿನ ಕಾಲು ಹಿಡಿದುಕೊಂಡೇ ಲುವೊನ ಹೆಂಡತಿಗೆ ತಲೆಬಾಗಿದ. "ತಪ್ಪು ನಂದು ತಾಯಿ, ಮಗಳದ್ದಲ್ಲ. ದಯವಿಟ್ಟು ಸಂಬಂಧ ಮುರೀಬೇಡಿ."

"ಮುರಿಯೋದಾ?" ಆಕೆ ನಿಟ್ಟುಸಿರು ಬಿಟ್ಟಳು. "ನಮ್ಮ ಯಜಮಾನ್ರ ಅವತಾರ ನೋಡಿ ನೀವು ಹುಡುಗಿ ಕೊಡ್ತೀರೋ ಇಲ್ವೋ ಅಂತ ದಾರಿಯುದ್ದಕ್ಕೂ ಬೆವರಿಕೊಂಡು ಬಂದೆ. ಇಲ್ಲಿ ನೋಡಿದ್ರೆ ಜೋಡಿ ಸಿಕ್ಕಿದೆ!"

ಮದುವೆಗೆ ಅಲ್ಲೇ ದಿನ ಗೊತ್ತಾಯಿತು. ರುಯಿಫೆಂಗಳಿಗೆ ಒಂದೇ ಚಿಂತೆ. "ಆವತ್ತು ಔತಣದಲ್ಲಿ ಇವರಿಬ್ಬರನ್ನ ಎಲ್ಲಿ ಕೂರಿಸೋದು?"

"ಮಕ್ಕಳ ಮೇಜಲ್ಲಿ," ಎಂದಳು ಬೀಗಿತಿ. "ಸೋಯಾ ಹಾಲು ಕೊಟ್ಟು. ಅದೂ ಅರ್ಧರ್ಧ ಲೋಟ!"