ಮೂರಕ್ಕೆ ಹೋಗದ ನಂಬರು

ಅರ್ಜಿ ಹಾಕಿ ಆರು ವರ್ಷ ಕಾದ ಮೇಲೆ ಚಾಮರಾಜಪೇಟೆಯ ವರದರಾಜ ಮೇಷ್ಟ್ರಿಗೆ ಟೆಲಿಫೋನ್ ನಂಬರು ಬಂತು: 882377. ಬಂದದ್ದು ಎರಡನೇ ಶನಿವಾರ ಬೆಳಿಗ್ಗೆ. ಸಂಜೆ ಲೈನ್‌ಮನ್ ಬಂದು ಫೋನು ಕೂರಿಸುವುದಿತ್ತು. ಅಷ್ಟರಲ್ಲಿ ಪಕ್ಕದ ಮನೆ ನರಸಿಂಹಯ್ಯ, ಬೇಲಿ ದಾಟಿ ಸೊಪ್ಪಿಗೆ ಬಾಯಿ ಹಾಕುವ ಮೇಕೆಯ ಹಾಗೆ, ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಚೀಟಿ ನೋಡಿಬಿಟ್ಟರು.

“ಎಲ್ಲಾ ಕೂಡಿದ್ರೆ ಮೂವತ್ತೈದು. ಮೂರೂ ಐದೂ ಎಂಟು. ಶನಿ ಸಂಖ್ಯೆ ಕಣ್ರೀ ಮೇಷ್ಟ್ರೇ! ಮನೆ ಒಡೆಯುತ್ತೆ.”

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮೇಷ್ಟ್ರ ತಾಯಿ ಅಲಮೇಲಮ್ಮನ ಕೈ ನಿಂತಿತು. ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಒಂದೇ ಒಲೆ. ಆಕೆಯ ಜೀವವೆಲ್ಲ ಆ ಒಲೆಯ ಮೇಲೆ. “ವಾಪಸ್ ಕೊಟ್ಬಿಡೋ ವರದೂ.”

ಕೊಟ್ಟರೆ ಮತ್ತೆ ಸಾಲಿನ ಬಾಲಕ್ಕೆ. ಮೇಷ್ಟ್ರು ಒಂದು ಹಿಡಿ ಕಾಳೆತ್ತಿಕೊಂಡರು. “ಅಮ್ಮಾ, ಎಂಟು ಲಕ್ಷದ ಎಂಬತ್ತೆರಡು ಸಾವಿರದ ಮುನ್ನೂರ ಎಪ್ಪತ್ತೇಳು ಕಾಳು ಅಂದ್ಕೋ. ಎಷ್ಟು ಜನಕ್ಕೆ ಹಂಚಿದ್ರೂ ಸಮಪಾಲು ಆಗಲ್ಲ. ಇಂಥಾ ನಂಬರಿಂದ ಮನೆ ಪಾಲಾಗುತ್ತಾ?”

“ಎಂಟು ಲಕ್ಷ ಚಿಲ್ಲರೆ ಜನಾನೂ ಬಂದ್ರೆ?” ಎಂದರು ನರಸಿಂಹಯ್ಯ.

“ತಲೆಗೊಂದು ಕಾಳು. ಅಷ್ಟು ಜನ ನಮ್ಮನೇಲಿಲ್ಲ.”

“ಮೂರು ಜನಕ್ಕೆ ನೋಡೋ ಮೊದ್ಲು,” ಎಂದರು ಅಲಮೇಲಮ್ಮ.

“ಅಂಕಿ ಕೂಡಿದ್ರೆ ಸಾಕಮ್ಮ. ಮೂವತ್ತೈದು ಮೂರರ ಮಗ್ಗೀಲಿ ಬರುತ್ತಾ?”

ಆಕೆ ಬೆರಳಿನ ಗೆಣ್ಣು ಎಣಿಸಿದರು. “ಮೂವತ್ಮೂರು, ಮೂವತ್ತಾರು... ಇಲ್ಲ. ಆದ್ರೂ ಎಲ್ಲಾ ನೋಡು.”

ಸಂಖ್ಯೆಯ ವರ್ಗಮೂಲ 939 ಚಿಲ್ಲರೆ; ಹಾಗಾಗಿ 937ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಒಟ್ಟು ನೂರ ಐವತ್ತೊಂಬತ್ತು ಭಾಗಾಕಾರ. ಮೇಷ್ಟ್ರು ಸೀಮೆಸುಣ್ಣ ಹಿಡಿದು ಜಗಲಿಯ ನೆಲಕ್ಕೆ ಕೂತರು. ಕಲ್ಲು ಹೊಲ ಉಳುವವನಂತೆ ನಿಧಾನವಾಗಿ ಸಾಗಿದರು. ತಪ್ಪು ಹಿಡಿಯಲು ನರಸಿಂಹಯ್ಯನೂ ಒಂದು ಮೂಲೆ ಹಿಡಿದರು. ನೂರ ಹದಿಮೂರಕ್ಕೆ ಬಂದಾಗ ಅವರು ಕೂಗಿದರು: “ಹೋಯ್ತು! ಶೇಷ ಸೊನ್ನೆ!”

ಅಲಮೇಲಮ್ಮನ ಮೊರದಿಂದ ಅವರೆಕಾಳು ಚೆಲ್ಲಿತು. ಮೇಷ್ಟ್ರು ಬಗ್ಗಿ ನೋಡಿದರೆ, ನರಸಿಂಹಯ್ಯ ನಂಬರಿನ ಮೊದಲ ಎಂಟನ್ನು ಬಿಟ್ಟೇ ಬರೆದುಕೊಂಡಿದ್ದರು.

“ಮುಂದಿನ ಒಂದಂಕಿ ಬಿಟ್ಟಿದ್ದಕ್ಕೆ ಇಷ್ಟೇನ್ರೀ?” ಎಂದರು ನರಸಿಂಹಯ್ಯ.

“ಅದೇ ನಂಬರೇ ಬೇರೆ ಆಯ್ತಲ್ಲ ಸ್ವಾಮಿ!” ಮೇಷ್ಟ್ರು ಅಂಗೈಯಿಂದ ಅಳಿಸಿದರು.

ಊಟ ತಣ್ಣಗಾಯಿತು. ಸುಣ್ಣ ಜಗಲಿ ದಾಟಿ ಅಂಗಳಕ್ಕಿಳಿಯಿತು. ಸಂಜೆ ಕೊನೆಯ 937ಕ್ಕೆ ಶೇಷ 660 ಉಳಿದಾಗ ಅಲಮೇಲಮ್ಮ ಎದ್ದು ಮಗನ ದೃಷ್ಟಿ ತೆಗೆದರು.

ಲೈನ್‌ಮನ್ ಮುನಿರಾಮಪ್ಪ ಫೋನು ಕೂರಿಸಿ, ಕಾಫಿ ಕುಡಿಯುತ್ತಾ ಹೇಳಿದ: “ಒಂದನೇ ತಾರೀಖಿಂದ ನಮ್ ಎಕ್ಸ್‌ಚೇಂಜ್ ನಂಬರ್‌ಗಳಿಗೆಲ್ಲ ಮುಂದೆ ಒಂದು ನಾಲ್ಕು ಸೇರುತ್ತೆ ಸಾರ್. ನೆನಪಿಟ್ಕೊಳ್ಳಿ.”

ನರಸಿಂಹಯ್ಯನ ಮುಖ ಅರಳಿತು. “ಮೂವತ್ತೊಂಬತ್ತು! ಮೂರೂ ಒಂಬತ್ತೂ ಹನ್ನೆರಡು, ಅಂದ್ರೆ ಮೂರು, ಗುರು ಸಂಖ್ಯೆ! ಶನಿ ತೊಲಗಿದ ಮೇಷ್ಟ್ರೇ, ಇನ್ನು ಧಾರಾಳವಾಗಿ ಇಟ್ಕೊಳ್ಳಿ.”

ಅಲಮೇಲಮ್ಮ ಗೆಣ್ಣು ಎಣಿಸುತ್ತಿದ್ದರು. ಮೂವತ್ತಾರು, ಮೂವತ್ತೊಂಬತ್ತು. ಬೆರಳು ಅಲ್ಲೇ ನಿಂತಿತು.

“ಅಮ್ಮಾ, ಅವರೇ ಒಳ್ಳೇದು ಅಂತಿದಾರಲ್ಲ,” ಎಂದರು ಮೇಷ್ಟ್ರು, ಮೆಲ್ಲಗೆ.

“ಅವರ ಶನಿ, ಗುರು ಎಲ್ಲಾ ಮೂಢನಂಬಿಕೆ ಕಣೋ. ನೀನು ಇಡೀ ದಿನ ಲೆಕ್ಕ ಮಾಡಿ ತೋರ್ಸಿದೀಯ. ಆ ನಾಲ್ಕು ಸೇರಿದ್ರೆ ಇದು ಮೂರು ಜನಕ್ಕೆ ಸರಿಯಾಗಿ ಸಮಪಾಲು ಹೋಗುತ್ತೆ.” ಆಕೆ ಲೈನ್‌ಮನ್ ಕಡೆ ತಿರುಗಿದರು. “ಕಾಫಿ ಕುಡಿದು ಬಿಚ್ಕೊಂಡು ಹೋಗಪ್ಪಾ.”