ತಗಡಿನ ಮನೆಗೆ ಎರಡು ಬಕೆಟ್

ಕೈಯಾಗೆ ಟೇಪು ಹಿಡಿದು ತಗಡಿನ ಅಂಗಡಿ ಮುಂದೆ ನಿಂತ್ರೆ ಸಾಕು, ನನಗೆ ಏನಾದರೊಂದು ಆಗೇ ತೀರ್ತದೆ. ಚನ್ನಗಿರಿಯಲ್ಲಿ ಲಾರಿ ಬಾಡಿ ಕಟ್ಟೋ ಮೇಸ್ತ್ರಿ ನಾನು. ಮೂವತ್ತು ವರ್ಷ ಮಂದಿ ಗಾಡಿ ಕಟ್ಟಿದ ಮೇಲೆ ನಮ್ಮನೆಯಾಕಿ ಒಂದಿನ ಕೇಳಿದ್ಲು, "ಏನ್ರೀ, ನಮಗೊಂದು ಯಾವಾಗ?"

ಅವತ್ತೇ ಶುರು ಹಚ್ಚಿದೆ. ಹಳೇ ಜೀಪಿನ ಹಿಂದೆ ಎಳ್ಕೊಂಡು ಹೋಗೋ, ಇಬ್ಬರು ಮಲಗೋವಷ್ಟು ಚಕ್ರದ ಮನೆ. ಚೌಕಟ್ಟು ಎದ್ದು ನಿಂತಿತು. ಹೊದಿಸಾಕೆ ಅಲ್ಯೂಮಿನಿಯಂ ತಗಡು ಬೇಕು. ಆಕಿ ಷರತ್ತು ಒಂದೇ: "ಮಳೆಯಾಗೆ ಒಂದು ಹನಿ ಒಳಗೆ ಬಿತ್ತೋ, ಆಮೇಲೆ ನಾನು ಹತ್ತಲ್ಲ."

ನ್ಯಾಮತಿಯಲ್ಲಿರೋ ಆಕಿ ತಮ್ಮ ಸುದ್ದಿ ಕೇಳಿ ಬಿದ್ದುಬಿದ್ದು ನಕ್ಕ. ಕೆಲಸಕ್ಕೆ ಬಾರದ್ದಕ್ಕೆಲ್ಲ 'ತಗಡು' ಅನ್ನೋದು ಅವನ ಚಾಳಿ. ಮದುವೆ ಊಟಾನೂ ತಗಡು, ಹೊಸ ಫೋನೂ ತಗಡು. "ಭಾಯಿ, ಇದಂತೂ ಖರೇನೇ ತಗಡು!" ಅಂದ. ನನಗೆ ಮೈ ಉರಿದುಹೋಯ್ತು.

ದೊಡ್ಡ ನಂಬರ್

ಹೊನ್ನಾಳಿ ಅಂಗಡಿಗೆ ಭಾಮೈದನೂ ಜೊತೆಗೆ ಬಂದ. ನಾನು "ಇಪ್ಪತ್ತು ಗೇಜ್ ತೋರಿಸ್ರಿ" ಅಂದೆ. ಅಕ್ಕನ ಮನೆಗೆ ಇಷ್ಟು ಸಣ್ಣ ನಂಬರಾ ಅಂತ ಅವನಿಗೆ ಸಿಟ್ಟು ಬಂತು. "ನಮ್ಮ ಆಪಾ ಮಲಗೋ ಮನೆ ಭಾಯಿ, ಕಂಜೂಸ್ ಮಾಡಬ್ಯಾಡ್ರಿ. ಯಜಮಾನ್ರೆ, ಇಪ್ಪತ್ತೆಂಟು ತರ್ರಿ!"

ಅಂಗಡಿಯವರು ಮೀಸೆಯಾಗೆ ನಗ್ತಾ ತಂದ್ರು. ಭಾರ ಇರ್ತದೆ ಅಂತ ಇವನು ಕಾಲೂರಿ, ಉಸಿರು ಬಿಗಿಹಿಡಿದು ಎತ್ತಿದ. ತಗಡು ಹಪ್ಪಳದಂಗೆ ಮೇಲೆದ್ದು ಬಂತು; ಇವನು ಹಿಂದಕ್ಕೆ ಹೋಗಿ ಅಲ್ಲಿದ್ದ ಬಕೆಟ್ ರಾಶಿ ಮ್ಯಾಲೆ ಕೂತ. ಎರಡು ಬಕೆಟ್ ನೆಗ್ಗಿದವು. ಅವನ್ನ ಅವನೇ ಕೊಳ್ಳಬೇಕಾಯ್ತು.

"ನಂಬರ್ ದೊಡ್ಡದು, ತಗಡು ತೆಳ್ಳಗೆ! ಇದೆಂಥಾ ನ್ಯಾಯ ರೀ?"

"ಗೇಜ್ ಲೆಕ್ಕ ಹಂಗೇ ಸಾಹೇಬ್ರೆ. ನಂಬರ್ ಕಮ್ಮಿ ಆದಷ್ಟೂ ಮಾಲು ಗಟ್ಟಿ."

ಅವನು ಕೂತಲ್ಲಿಂದಲೇ, "ಇದು ನಮ್ಮ ಮೇಷ್ಟ್ರಿಗೆ ಗೊತ್ತಿದ್ದಿದ್ರೆ ಕ್ಲಾಸಿಗೆಲ್ಲ ನಾನೇ ಫಸ್ಟ್!" ಅಂದ.

ಮ್ಯಾಗ್ನೆಟ್

ಇಪ್ಪತ್ತು ಗೇಜ್ ಅಲ್ಲಿ ಖಾಲಿ. ಜಗಳೂರಲ್ಲಿ ಐತೆ ಅಂದ್ರು, ಹೋದೆ. ಅಂಗಡಿಯವರು "ಪ್ಯೂರ್ ಅಲ್ಯೂಮಿನಿಯಂ" ಅಂತ ಎದೆ ತಟ್ಟಿಕೊಂಡ್ರು. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟಬಾರದು. ನೋಡೇಬಿಡೋಣ ಅಂತ ಜೇಬಿನಿಂದ ತೆಗೆದೆ. ಅವರು ಅದನ್ನ ಕಸಕೊಂಡು ತಾವೇ ತಗಡಿಗೆ ಇಟ್ರು. ಟಪ್ ಅಂತ ಕಚ್ಕೊಂತು.

"ನೋಡ್ರಿ ಹಿಡಿತ! ಒರಿಜಿನಲ್ ಅಲ್ದಿದ್ರೆ ಹಿಂಗೆ ಹಿಡೀತದೇನ್ರಿ?"

"ಅಣ್ಣಾರೆ, ಅಂಟಿದ್ರೆ ಅದು ಕಬ್ಬಿಣ."

ಅವರು ಮ್ಯಾಗ್ನೆಟ್ಟನ್ನ ತಿರುವಿ ಮುರುವಿ ನೋಡಿ ನನ್ನ ಕೈಗೆ ವಾಪಸ್ ಇಟ್ರು. "ಹಂಗಾದ್ರೆ ನಿಮ್ಮ ಮ್ಯಾಗ್ನೆಟ್ಟೇ ಡೂಪ್ಲಿಕೇಟ್ ಬಿಡ್ರಿ."

ಕಲಾಯಿಯವರ ಮಗಳು

ಕೊನೆಗೆ ನಮ್ಮ ಚನ್ನಗಿರಿಯಲ್ಲೇ ಸಿಕ್ತು. ಎರಡು ಥರ, ಎರಡೂ ಇಪ್ಪತ್ತು ಗೇಜ್. ಒಂದು ಕನ್ನಡಿಯಂಗೆ ಫಳಫಳ, ಇನ್ನೊಂದು ಮಂಕು. ನಾನು ಫಳಫಳದ್ದಕ್ಕೇ ಕೈ ಹಾಕಿದೆ.

ನಮ್ಮನೆಯಾಕಿ ತಡೆದ್ಲು. ಆಕಿ ಅಪ್ಪ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕ್ತಿದ್ದೋರು. ಎರಡರದ್ದೂ ಒಂದೊಂದು ತುಂಡು ಕೇಳಿ ಇಸ್ಕೊಂಡು, ಮಡಚಿ ಬಿಡಿಸಿ, ಮತ್ತೆ ಮಡಚಿದ್ಲು. ಹೊಳೆಯೋದು ಮಡಿಕೆಯಲ್ಲಿ ಸೀಳ್ತು. ಮಂಕಿಂದು ಜಪ್ಪಯ್ಯ ಅನ್ನಲಿಲ್ಲ. "ಸೀಳಿದ ಕಡೆ ನೀರು ಬರ್ತದೆ ರೀ. ಇದೇ ಇರಲಿ."

ಅಂಗಡಿಯವರು ಬೆರಗಾದ್ರು. "ನಿಮ್ಮಿಬ್ಬರಾಗೆ ಮೇಸ್ತ್ರಿ ಯಾರ್ರಿ?" ಹೆಮ್ಮೆಗೆ ನನ್ನ ಎದೆ ಉಬ್ಬಿತ್ತು. ಅಷ್ಟರಾಗೆ ಆಕಿ, "ಹೊಳಪು ನೋಡಿ ನಾನು ಮೋಸಹೋಗಿದ್ದು ಒಂದೇ ಸಲ," ಅಂದ್ಲು, "ಇವರು ನನ್ನ ನೋಡಾಕೆ ಬಂದಾಗ."

ತಗಡು

ತಗಡು ಹೊದಿಸಿ, ರಿವಿಟ್ ಹೊಡೆದು, ಸಂದಿಗೊಂದಿಗೆಲ್ಲ ಸೀಲೆಂಟ್ ತುಂಬಿ, ಮೊದಲ ಸವಾರಿ ನ್ಯಾಮತಿಗೇ ಹೊರಟ್ವಿ. ಹೊನ್ನಾಳಿಯಲ್ಲಿ ಚಾ ಕುಡಿಯಾಕೆ ನಿಲ್ಲಿಸಿದ್ದಷ್ಟೇ, ಯಾರೋ ಒಬ್ಬರು ಗಾಡಿ ಬಾಗಿಲು ತಟ್ಟಿ, "ಒಂದು ಹಾಫ್ ಗೋಬಿ, ಖಾರ ಜಾಸ್ತಿ" ಅಂದ್ರು!

ನ್ಯಾಮತಿಯಲ್ಲಿ ಭಾಮೈದ ಓಣಿಯವರನ್ನೆಲ್ಲ ಸೇರಿಸ್ಕೊಂಡು ಕಾಯ್ತಿದ್ದ. ಕೈಯಾಗೆ ಅವೇ ನೆಗ್ಗಿದ ಎರಡು ಬಕೆಟ್. "ಆಪಾ, ತಗಡು ಸೋರಿದ್ರೆ ಇರಲಿ, ಇಟ್ಕೋ!" ಓಣಿಗೆ ಓಣಿಯೇ ನಕ್ತು. ಆಕಿ ಇಸ್ಕೊಂಡು ಗಾಡಿ ಒಳಗೆ ಇಟ್ಲು.

ಮಧ್ಯಾಹ್ನ ಊಟ ಮುಗಿಯೋ ಹೊತ್ತಿಗೆ ಮಳೆ ಹಿಡೀತು. ಎಂಥಾ ಮಳೆ ಅಂತೀರಿ! ನಾವಿಬ್ಬರೂ ಗಾಡಿ ಒಳಗೆ ಕೂತ್ವಿ. ನನ್ನ ಕಣ್ಣು ಚಾವಣಿ ಬಿಟ್ಟು ಕದಲಲಿಲ್ಲ. ಆಕಿ ಮೂಲೆ ಮೂಲೆ ಕೈಯಿಂದ ಸವರಿ ನೋಡಿದ್ಲು. ಒಂದು ಸಲ ಅಲ್ಲ, ಎರಡು ಸಲ. "ಒಂದು ಹನಿನೂ ಇಲ್ರೀ," ಅಂದ್ಲು. ಮೂವತ್ತು ವರ್ಷ ಕಟ್ಟಿದ ಲಾರಿಗಳೆಲ್ಲ ಒಂದು ತೂಕ, ಆ ಮಾತು ಒಂದು ತೂಕ.

ಬಾಗಿಲು ದಬದಬ ಬಡಿದ ಸದ್ದು. ಇನ್ಯಾರಿಗಪ್ಪಾ ಗೋಬಿ ಅಂತ ತೆಗೆದ್ರೆ ಭಾಮೈದ. ತಲೆ ಮ್ಯಾಲೆ ಟವೆಲ್ಲು, ಮೈಯೆಲ್ಲ ತೊಪ್ಪೆ.

"ಆಪಾ... ಆ ಬಕೆಟ್ ಸ್ವಲ್ಪ ಕೊಡು. ನಮ್ಮ ಅಡಿಗೆಮನೆ ಸೋರ್ತಾ ಐತೆ."

ಆಕಿ ಎರಡೂ ಎತ್ತಿ ಕೊಟ್ಲು. "ಇಟ್ಟು ಬಂದು ಇಲ್ಲೇ ಕೂತ್ಕೋ ಬಾರೋ. ನಿಂದು ಬರೀ ಮನೆ. ಇದು ತಗಡು!"